ಮಳೆರಾಯನು ಸಂಬಂಧಪಟ್ಟ ಪಾಲಿಕೆಯನ್ನು ಸಂಪರ್ಕಿಸತಕ್ಕದ್ದು

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು 2023ರ ನವೆಂಬರಿನಲ್ಲಿ ಹವಾಮಾನ ಕ್ರಿಯಾ ಯೋಜನೆಯನ್ನು ಬಿಡುಗಡೆ ಮಾಡಿ, 2050ರ ಹೊತ್ತಿಗೆ ನಗರದ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗೆ ಇಳಿಸುವ ಸಂಕಲ್ಪ ತೊಟ್ಟಿತು. ಇಪ್ಪತ್ತೇಳು ವರ್ಷ ಮುಂದಕ್ಕೆ ಚಾಚಿದ ಈ ದೂರದೃಷ್ಟಿಗೆ ಎರಡು ವರ್ಷದೊಳಗೇ ಬರಲಿದ್ದ ತನ್ನ ತಿಥಿ ಮಾತ್ರ ಕಾಣಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಪಾಲಿಕೆಯೇ ಇಲ್ಲವಾಗಿ, ಅದರ ಜಾಗಕ್ಕೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಅದರಡಿ ಐದು ನಗರ ಪಾಲಿಕೆಗಳೂ ಬಂದವು. ಸೊನ್ನೆಯಾಗುವ ಗುರಿಯನ್ನು ಅವಧಿಗೆ ಕಾಲು ಶತಮಾನ ಮೊದಲೇ ಮುಟ್ಟಿದ ಕೀರ್ತಿಯನ್ನು ಪಾಲಿಕೆಯಿಂದ ಯಾರೂ ಕಸಿಯಲಾರರು.

ಇನ್ನುಳಿದಿರುವುದು ಮಳೆನೀರಿಗೆ ಹೊಸ ಗಡಿಗಳನ್ನು ಮನದಟ್ಟು ಮಾಡಿಸುವ ಕೆಲಸ. ಕೆ-100 ಎಂಬ ರಾಜಕಾಲುವೆಯನ್ನೇ ನೋಡಿ: ಅದು ಮೆಜೆಸ್ಟಿಕ್ ಬಳಿ, ಅಂದರೆ ಧರ್ಮಾಂಬುಧಿ ಕೆರೆಯನ್ನು ಮುಚ್ಚಿ ನಾವು ಬಸ್ಸು ನಿಲ್ಲಿಸಿಕೊಂಡಿರುವಲ್ಲಿ ಹುಟ್ಟಿ, ಬೆಳ್ಳಂದೂರು ಕೆರೆಯತ್ತ ಹರಿಯುತ್ತದೆ. ಹುಟ್ಟು ಕೇಂದ್ರ ಪಾಲಿಕೆಯಲ್ಲಿ, ಮುಕ್ತಿ ಪೂರ್ವ ಪಾಲಿಕೆಯಲ್ಲಿ. ಹೀಗಿರುವಾಗ ಕೇಂದ್ರದಲ್ಲಿ ಸುರಿದ ನೀರು ಪೂರ್ವದವರ ನೆಲಮಾಳಿಗೆಗೆ ನುಗ್ಗುವ ಮುನ್ನ ನಿರಾಕ್ಷೇಪಣಾ ಪತ್ರ ಪಡೆಯಬೇಕೇ, ಪಡೆಯುವುದಾದರೆ ಸರ್ಕಾರಿ ಸೇವೆಗಳನ್ನು ಗೊತ್ತಾದ ಗಡುವಿನಲ್ಲಿ ಕೊಡುವ ‘ಸಕಾಲ’ ಯೋಜನೆಯಡಿ ಅರ್ಜಿ ಸಲ್ಲಿಸಬೇಕೇ ಎಂಬುದನ್ನು ಮುಂಗಾರಿಗೆ ಮುನ್ನ ಸ್ಪಷ್ಟಪಡಿಸಿದರೆ ಎಲ್ಲರಿಗೂ ಅನುಕೂಲ. ಇಳಿಜಾರನ್ನೇ ನಂಬಿ ಹರಿಯುವ ನೀರಿಗೆ ಕಚೇರಿ ಶಿಸ್ತು ಅಷ್ಟಾಗಿ ತಿಳಿಯದು.

ಹವಾಮಾನ ಕ್ರಿಯಾ ಯೋಜನೆಯಂಥವುಗಳಲ್ಲಿ ಸಮುದಾಯದ ಸಹಭಾಗಿತ್ವಕ್ಕೆ ಎಂದಿಗೂ ಅಗ್ರಸ್ಥಾನ. ಪಾಲಿಕೆಯ ಚುನಾಯಿತ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿದಿದ್ದರಿಂದ, ಯೋಜನೆ ಹುಟ್ಟಿದ ದಿನದಿಂದ ಪಾಲಿಕೆ ಕಣ್ಮುಚ್ಚಿದ ದಿನದವರೆಗೆ ಮೋರಿ ಕಟ್ಟಿತೆಂದು ತಡೆದು ನಿಲ್ಲಿಸಿ ಕೇಳಲು ಒಬ್ಬ ಕಾರ್ಪೊರೇಟರೂ ಇರಲಿಲ್ಲ. ಸಮುದಾಯವು ತನ್ನ ಪಾಡಿಗೆ ತಾನು ಬದುಕಿಕೊಳ್ಳಲು ಇದಕ್ಕಿಂತ ಕಟ್ಟುನಿಟ್ಟಿನ ತರಬೇತಿ ಬೇರೆ ಇದ್ದಂತಿಲ್ಲ.

ತರಬೇತಿ ಫಲ ಕೊಟ್ಟಿದೆ ಎನ್ನಬೇಕು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳು ಮುಳುಗಿದಾಗ, ಯಾವ ಯೋಜನೆಯ ಹೆಸರನ್ನೂ ಕೇಳದ ಟ್ರ್ಯಾಕ್ಟರ್ ಚಾಲಕರು ಸಾಫ್ಟ್‌ವೇರ್ ನೌಕರರನ್ನು ಟ್ರೈಲರಿಗೆ ಹತ್ತಿಸಿಕೊಂಡು ಲ್ಯಾಪ್‌ಟಾಪ್ ಸಮೇತ ಕಚೇರಿಗೆ ತಲುಪಿಸಿದರು. ಆಗ ನೆಲಮಾಳಿಗೆಗಳಲ್ಲಿ ಕಾರುಗಳು ಪುಕ್ಕಟೆಯಾಗಿ ಮುಳುಗಿ ಮಿಂದವು. 2024ರ ಮಾರ್ಚಿನಲ್ಲಾದರೋ ಕೊಳವೆಬಾವಿಗಳು ಬತ್ತಿ, ಉಪಮುಖ್ಯಮಂತ್ರಿ ಡಿ.ಕೆ. ಶಿವಕುಮಾರ್ ಅವರು ತಮ್ಮ ಮನೆಯ ಬಾವಿಯೂ ಬತ್ತಿದೆಯೆಂದು ಹೇಳುವಂತಾಗಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶಿಸಿತು. ಮಿತವ್ಯಯ ಬಲ್ಲ ನಾಗರಿಕನು ಮುಂದಿನ ಪ್ರವಾಹದವರೆಗೆ ಕಾರನ್ನು ಕೊಳೆಯಾಗಿಯೇ ಇಟ್ಟುಕೊಳ್ಳುವುದು ವಿಹಿತ.

ಆದ್ದರಿಂದ ಐದು ಪಾಲಿಕೆಗಳೂ ತಲಾ ಒಂದು ಹೊಸ ವರದಿಗೆ ಸಲಹೆಗಾರರನ್ನು ಗೊತ್ತುಮಾಡುವ ಮೊದಲು ತಲಾ ಹತ್ತು ಟ್ರ್ಯಾಕ್ಟರುಗಳಿಗೆ ಟೆಂಡರ್ ಕರೆಯಲಿ. 2050ರ ಸಂಕಲ್ಪಕ್ಕೆ ಭಂಗ ಬಾರದಂತೆ ಅವು ವಿದ್ಯುತ್ ಚಾಲಿತವೇ ಆಗಿರಲಿ. ನೆರೆಯ ದಿನ ಕರೆಂಟು ಹೋದರೆ ಚಾರ್ಜ್ ಮಾಡುವುದು ಹೇಗೆಂಬುದಕ್ಕೆ ಬೇಕಾದರೆ ಒಂದು ಉಪಸಮಿತಿ ರಚಿಸಬಹುದು.