ಇನ್ನೂ ಮುನ್ನೂರ ಅರವತ್ತು ಬಾಕಿ

ರಾತ್ರಿ ಹನ್ನೊಂದೂ ಮುಕ್ಕಾಲು. ಮನೆಯವರೆಲ್ಲ ಮಲಗಿದ್ದರು. ನಾನು ಕತ್ತಲಲ್ಲಿ, ಹಾಲ್‌ನ ಸೋಫಾ ಸುತ್ತ ಗಾಣದೆತ್ತಿನ ಹಾಗೆ ಸುತ್ತುತ್ತಿದ್ದೆ. ಫಕ್ಕನೆ ಲೈಟ್ ಹೊತ್ತಿತು. ಬಾಗಿಲಲ್ಲಿ ಅಮ್ಮ.

"ಯಾಕೋ, ಹೊಟ್ಟೆ ನೋವಾ?"

"ಇಲ್ಲಮ್ಮ. ಇನ್ನೂ ಮುನ್ನೂರ ಅರವತ್ತು ಬಾಕಿ ಇದೆ."

ಅಮ್ಮನ ಮುಖ ಇಳಿದುಹೋಯಿತು. "ಯಾರಿಗೋ ಕೊಡ್ಬೇಕು?"

ಸಾಲ ಅಲ್ಲ, ಹೆಜ್ಜೆ ಅಂತ ಬಿಡಿಸಿ ಹೇಳಿದೆ. ಕೈಗೆ ಕಟ್ಟಿದ್ದ ವಾಚ್ ತೋರಿಸಿದೆ. 9,640. ಹನ್ನೆರಡು ಹೊಡೆಯುವುದರೊಳಗೆ ಹತ್ತು ಸಾವಿರ ಆಗದಿದ್ದರೆ ಇವತ್ತು ನಡೆದದ್ದೆಲ್ಲ ದಂಡ, ಹನ್ನೊಂದು ದಿನದಿಂದ ಕಾಪಾಡಿಕೊಂಡು ಬಂದ ಸಾಲು ತಪ್ಪಿಹೋಗುತ್ತದೆ ಅಂದೆ. ಅಮ್ಮ ಸ್ವಲ್ಪ ಹೊತ್ತು ನನ್ನನ್ನೇ ನೋಡಿದಳು. "ಸಾಲ ಆಗಿದ್ರೆ ಹೇಗೋ ತೀರಿಸಬಹುದಿತ್ತು" ಅಂತ ಲೈಟ್ ಆರಿಸಿ ಹೋಗಿ ಮಲಗಿದಳು.

ಈ ಹತ್ತು ಸಾವಿರವನ್ನು ದೊಡ್ಡ ದೊಡ್ಡ ವೈದ್ಯರು ಕೂತು, ಮನುಷ್ಯನ ಎದೆ, ಮಂಡಿ ಎಲ್ಲ ತಪಾಸಣೆ ಮಾಡಿ ನಿಗದಿ ಮಾಡಿದ್ದಾರೆ ಅಂತ ನಾನು ಬಹಳ ದಿನ ನಂಬಿದ್ದೆ. ಓದಿ ನೋಡಿದರೆ ಕಥೆಯೇ ಬೇರೆ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, ಅಂದರೆ 1965ರಲ್ಲಿ, ಜಪಾನಿನ ಯಮಾಸಾ ಎಂಬ ಕಂಪನಿ ಹೆಜ್ಜೆ ಎಣಿಸುವ ಪುಟ್ಟ ಯಂತ್ರವೊಂದನ್ನು ಮಾರಾಟಕ್ಕೆ ಬಿಟ್ಟಿತು. ಹೆಸರು ಮಾನ್‌ಪೊ-ಕೇ. ಮಾನ್ ಅಂದರೆ ಹತ್ತು ಸಾವಿರ, ಪೊ ಅಂದರೆ ಹೆಜ್ಜೆ, ಕೇ ಅಂದರೆ ಅಳೆಯುವ ಸಾಧನ. ಮಾರಾಟಕ್ಕೆ ಒಳ್ಳೆಯ ಹೆಸರು, ಅಷ್ಟೇ. ಅವತ್ತು ಅವರಿಗೆ 'ಆರು ಸಾವಿರ' ಅನ್ನುವ ಹೆಸರು ಚೆನ್ನಾಗಿ ಕೇಳಿಸಿದ್ದಿದ್ದರೆ ನಾನು ಇವತ್ತು ಒಂಬತ್ತಕ್ಕೇ ಮಲಗಿರುತ್ತಿದ್ದೆ.

2019ರಲ್ಲಿ ಹಾರ್ವರ್ಡ್‌ನ ಐ-ಮಿನ್ ಲೀ ಮತ್ತು ಅವರ ಜೊತೆಗಾರರು ಹದಿನಾರು ಸಾವಿರಕ್ಕೂ ಹೆಚ್ಚು ವಯಸ್ಸಾದ ಹೆಂಗಸರ ಹೆಜ್ಜೆ ಲೆಕ್ಕ ಹಾಕಿದರು. ದಿನಕ್ಕೆ ಸುಮಾರು 4,400 ಹೆಜ್ಜೆ ಹಾಕುವವರಲ್ಲೇ ಒಳ್ಳೆಯ ಲಾಭ ಕಂಡಿತು. 7,500ರ ನಂತರ ಜಾಸ್ತಿ ನಡೆದರೂ ಆಯಸ್ಸಿನ ಲೆಕ್ಕದಲ್ಲಿ ಅಂಥಾ ವ್ಯತ್ಯಾಸ ಕಾಣಲಿಲ್ಲ. ಆ ಹೆಂಗಸರ ಸರಾಸರಿ ವಯಸ್ಸು 72. ನನಗೆ 26. ಆದರೆ ಎರಡು ಮಹಡಿ ಮೆಟ್ಟಿಲು ಹತ್ತಿದ ಮೇಲೆ ನಾನು ಏದುಸಿರು ಬಿಡುವುದನ್ನು ನೋಡಿದವರು ಯಾರೂ ಆ ಅಧ್ಯಯನದಿಂದ ನನ್ನನ್ನು ಹೊರಗಿಡಲಾರರು.

ಇಷ್ಟೆಲ್ಲ ಗೊತ್ತಿದ್ದೂ ಸೋಫಾ ಸುತ್ತುತ್ತೇನೆ. ಯಾಕೆಂದರೆ ನಮ್ಮ ಗೆಳೆಯರ ಗುಂಪಿನಲ್ಲಿ ಒಂದು ಆ್ಯಪ್ ಇದೆ. ಅದರಲ್ಲಿ ಎಲ್ಲರ ಹೆಜ್ಜೆ ಎಲ್ಲರಿಗೂ ಕಾಣುತ್ತದೆ. ಆರೋಗ್ಯ ಕೆಟ್ಟರೆ ಡಾಕ್ಟರ್ ಇದ್ದಾರೆ, ಮಾನ ಹೋದರೆ ಯಾರಿದ್ದಾರೆ?

ಆದರೆ ಈ ಪಟ್ಟಿಯಲ್ಲಿ ನ್ಯಾಯ ಇಲ್ಲ. ವಾಚ್ ಕಾಲಿನ ಮುಖವನ್ನೇ ನೋಡುವುದಿಲ್ಲ. ಅದಕ್ಕೆ ಗೊತ್ತಿರುವುದು ಕೈ ಒಂದೇ. ಒಳಗೆ ಅಕ್ಸೆಲೆರೋಮೀಟರ್ ಅನ್ನುವ ಚೂರು ಚಿಪ್ ಇದೆ. ಕೈ ಒಂದು ಲಯದಲ್ಲಿ ಬೀಸಿದರೆ ಅದು 'ಹೆಜ್ಜೆ' ಅಂತ ಬರೆದುಕೊಳ್ಳುತ್ತದೆ. ನಾನು ಹಲ್ಲುಜ್ಜುತ್ತಲೇ ಮೂವತ್ತು ನಲವತ್ತು ಹೆಜ್ಜೆ ಸಂಪಾದಿಸುತ್ತೇನೆ. ನಮ್ಮ ಗುಂಪಿನಲ್ಲಿ ಒಬ್ಬ ಇದ್ದಾನೆ, ಕೈ ಆಡಿಸದೆ ಅವನಿಗೆ ಮಾತೇ ಬರುವುದಿಲ್ಲ. ಕುರ್ಚಿ ಬಿಟ್ಟು ಏಳದೆ ಅವನು ಪಟ್ಟಿಯಲ್ಲಿ ಎರಡನೇ ಸ್ಥಾನದಲ್ಲಿದ್ದಾನೆ. ಇನ್ನೊಬ್ಬಳು ಮಗುವಿನ ತಳ್ಳುಗಾಡಿ ತಳ್ಳಿಕೊಂಡು ದಿನಾ ಮೈಲಿಗಟ್ಟಲೆ ನಡೆಯುತ್ತಾಳೆ. ಕೈ ಗಾಡಿಯ ಹಿಡಿ ಮೇಲಿರುತ್ತದಲ್ಲ, ಅವಳಿಗೆ ಕೊನೆಯ ಸ್ಥಾನ. ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ, ನಡಿಗೆಯೂ ಬೇಕಿಲ್ಲ ಅಂತ ಈಗ ಸೇರಿಸಿಕೊಳ್ಳಬೇಕು.

ನಾನು ಜಿಮ್ ಸೇರಿದ್ದೂ ಈ ಪಟ್ಟಿಯ ದೆಸೆಯಿಂದಲೇ. ಟ್ರೆಡ್‌ಮಿಲ್ ಹತ್ತಿದರೆ ನಾನು ಎರಡೂ ಕೈಯಲ್ಲಿ ಹಿಡಿ ಬಿಗಿಯಾಗಿ ಹಿಡಿದುಕೊಳ್ಳುತ್ತೇನೆ. ಬಿದ್ದರೆ? ಹೀಗಾಗಿ ಇಪ್ಪತ್ತು ನಿಮಿಷ ಬೆವರು ಸುರಿಸಿದರೂ ವಾಚ್ ಪ್ರಕಾರ ನಾನು ಸುಮ್ನೆ ಎಲ್ಲೋ ನಿಂತಿದ್ದೆ. ಈ ಯಂತ್ರದ ಮುತ್ತಜ್ಜನನ್ನು 1818ರಲ್ಲಿ ವಿಲಿಯಂ ಕ್ಯುಬಿಟ್ ಎಂಬ ಎಂಜಿನಿಯರ್ ತಯಾರು ಮಾಡಿದ್ದು ಇಂಗ್ಲೆಂಡಿನ ಜೈಲುಗಳ ಕೈದಿಗಳಿಗಾಗಿ. ಮೆಟ್ಟಿಲಿರುವ ದೊಡ್ಡ ಚಕ್ರವನ್ನು ಅವರು ಗಂಟೆಗಟ್ಟಲೆ ತುಳಿಯಬೇಕಿತ್ತು. ಪಾಪ. ಆದರೂ ಅವರು ಅದಕ್ಕೆ ತಿಂಗಳ ಫೀಸ್ ಕಟ್ಟುತ್ತಿರಲಿಲ್ಲ.

ಜಿಮ್ ಅಂದ ಮೇಲೆ ಬಟ್ಟೆ ಬೇಕಲ್ವಾ? ಕಾಲಿಗೆ ಅಂಟಿಕೊಳ್ಳುವ ಒಂದು ಜಾಗರ್ ಪ್ಯಾಂಟ್ ತಂದೆ. ತಂದು ತೋರಿಸಿದ ದಿನವೇ ತಂಗಿ, "ಟೈಟ್ ಎಲ್ಲ ಹೋಯ್ತು ಕಣೋ, ಈಗೆಲ್ಲ ಲೂಸ್" ಅಂದಳು. ಇದು ನನಗೆ ಹೊಸದಲ್ಲ. ನಾನು ದೊಗಳೆ ಟೀ ಶರ್ಟ್ ಕೊಂಡ ವಾರವೇ ಜನ ಮೈಗಂಟುವುದನ್ನು ಹಾಕತೊಡಗಿದ್ದರು. ಒಂದು ಫ್ಯಾಷನ್ ಮುಗಿಯಬೇಕು ಅಂತಿದ್ದರೆ ನಾನು ಅದನ್ನು ಕೊಂಡರೆ ಸಾಕು. ಇನ್ನು ಸೈಜ್ ವಿಷಯ ಕೇಳಲೇಬೇಡಿ. ಒಂದು ಬ್ರ್ಯಾಂಡ್‌ನಲ್ಲಿ ನಾನು ಮೀಡಿಯಂ, ಪಕ್ಕದ ರ‍್ಯಾಕ್‌ನಲ್ಲಿ ಎಕ್ಸ್‌ಎಲ್. ಈ ಪ್ಯಾಂಟ್ ಮೀಡಿಯಂ ಅಂದಿತ್ತು. ಹೊಗಳಿದವರನ್ನು ಬಿಟ್ಟು ಬರುವುದು ಹೇಗೆ? ಮನೆಗೆ ಕರೆತಂದೆ.

ಆ ಸಂಜೆ ಬಾರ್ ಹೊತ್ತು ಸ್ಕ್ವಾಟ್ ಮಾಡುವ ಸರದಿ. ಬಾರ್‌ಗೆ ತೂಕ ಏನೂ ಹಾಕಿರಲಿಲ್ಲ. ಬರೀ ಬಾರ್ ಒಂದೇ 20 ಕಿಲೋ, ನನಗೆ ಅದೇ ಧಾರಾಳ. ಹುರುಪು ಬರಲಿ ಅಂತ ಕಿವಿಗೆ ಬ್ಲೂಟೂತ್ ಇಯರ್‌ಬಡ್ ಸಿಕ್ಕಿಸಿ ಒಂದು ಉತ್ತೇಜನದ ಭಾಷಣ ಹಾಕಿಕೊಂಡೆ. ಬ್ಲೂಟೂತ್ ಅನ್ನುವುದು ಹತ್ತನೇ ಶತಮಾನದ ಡೆನ್ಮಾರ್ಕ್‌ನ ರಾಜ ಹೆರಾಲ್ಡ್‌ನ ಅಡ್ಡಹೆಸರಂತೆ. ಡೆನ್ಮಾರ್ಕ್, ನಾರ್ವೆ ಎರಡನ್ನೂ ಒಂದುಗೂಡಿಸಿದ ಪುಣ್ಯಾತ್ಮ ಅಂತ ಅವನ ಹೆಸರಿಟ್ಟರು. ಅವನಿಗೆ ಎರಡು ದೇಶ ಕೂಡಿಸಲು ಆಯಿತು. ನನಗೆ ನನ್ನ ಜೇಬನ್ನೂ ನನ್ನ ಕಿವಿಯನ್ನೂ ಕೂಡಿಸಲು ಇವತ್ತಿಗೂ ಆಗಿಲ್ಲ.

ಬಾರ್ ಹೊತ್ತು ಕೆಳಗೆ ಕೂತೆ. ಸರಿಯಾಗಿ ಆಗಲೇ ಇಯರ್‌ಬಡ್ ಚಾರ್ಜ್ ಮುಗಿದು ಸತ್ತಿತು. ಭಾಷಣ ಮಾತ್ರ ಸಾಯಲಿಲ್ಲ. ನನ್ನ ಜೇಬಿನೊಳಗಿಂದ, ಫೋನಿನ ಸ್ಪೀಕರ್‌ನಲ್ಲಿ, ಇಡೀ ಜಿಮ್‌ಗೆ ಕೇಳುವ ಹಾಗೆ ಹೊರಟಿತು:

"ನೀನು ಕುರಿಯಲ್ಲ! ನೀನು ಸಿಂಹ! ನಿನ್ನೊಳಗಿನ ಸಿಂಹ ಈಗ ಘರ್ಜಿಸಲಿ!"

ಗಾಬರಿಯಲ್ಲಿ ಒಮ್ಮೆಲೇ ಏಳಲು ಹೋದೆ. ಪರ‍್ರ್!

ಜೋಸೆಫ್ ಶಿವರ್ಸ್ ಎಂಬ ರಸಾಯನ ವಿಜ್ಞಾನಿ 1958ರಲ್ಲಿ ಕಂಡುಹಿಡಿದ, ಇಂಥ ಮೈಗಂಟುವ ಬಟ್ಟೆಗೆ ಹಾಕುವ ಸ್ಪ್ಯಾಂಡೆಕ್ಸ್ ನೂಲು ತನ್ನ ಉದ್ದದ ಐದು ಪಟ್ಟು ಹಿಗ್ಗಬಲ್ಲದು. ಬಟ್ಟೆ ಹಿಗ್ಗಿತು, ಅದರ ತಪ್ಪೇನಿಲ್ಲ. ಆದರೆ ಹೊಲಿಗೆಯ ದಾರಕ್ಕೆ ಶಿವರ್ಸ್ ವಿಷಯ ಯಾರೂ ತಿಳಿಸಿರಲಿಲ್ಲ.

ಜಿಮ್ ಪೂರ್ತಿ ನಿಶ್ಶಬ್ದ. ಟ್ರೈನರ್ ಹತ್ತಿರ ಬಂದು ಬಾರ್ ಇಳಿಸಿಕೊಂಡು, ಬಹಳ ಗೌರವದಿಂದ, "ಘರ್ಜನೆ ಕೇಳಿಸ್ತು ಸರ್" ಅಂದ.

ಗೋಡೆಗೆ ಬೆನ್ನು ಹಚ್ಚಿ ನಿಂತೆ. ಕದಲಲಿಲ್ಲ. ಆಗ ಮಣಿಕಟ್ಟಿನ ಮೇಲೆ ಗುರ್ ಅಂತ ವಾಚ್ ನಡುಗಿತು. ಅದರ ಅಡಿಯಲ್ಲಿ ಹಸಿರು ದೀಪ ಇರುತ್ತದೆ ನೋಡಿ, ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ, ಎಷ್ಟು ಹೀರಿತು ಅನ್ನುವುದರ ಮೇಲೆ ಎದೆಬಡಿತ ಲೆಕ್ಕ ಹಾಕುತ್ತದೆ. ನನ್ನದು 151 ಇತ್ತು. ಆ ಬಡಿತ ಓಟದಿಂದ ಬಂತೋ ನಾಚಿಕೆಯಿಂದ ಬಂತೋ ಹಸಿರು ದೀಪಕ್ಕೆ ಹೇಗೆ ಗೊತ್ತಾಗಬೇಕು? "ಭರ್ಜರಿ ವರ್ಕೌಟ್! ಹೀಗೇ ಮುಂದುವರಿಸಿ!" ಅಂತ ಪರದೆ ಮೇಲೆ ಪಟಾಕಿ ಹಾರಿಸಿತು.

ಗಾಡಿ ತಂದಿರಲಿಲ್ಲ. ಹೆಜ್ಜೆ ಸಿಗಲಿ ಅಂತ ನಡೆದೇ ಬಂದಿದ್ದೆನಲ್ಲ! ಜಿಮ್ ಬ್ಯಾಗನ್ನು ಹಿಂದೆ, ಹರಿದ ಜಾಗಕ್ಕೆ ಅಡ್ಡ ಹಿಡಿದು ಎರಡು ಕಿಲೋಮೀಟರ್ ನಡೆದೆ. ಎದುರು ಸಿಕ್ಕವರಿಗೆಲ್ಲ ದಾರಿ ಬಿಟ್ಟುಕೊಟ್ಟೆ, ಅವರು ಪೂರ್ತಿ ದಾಟಿಹೋಗುವವರೆಗೆ ಗೋಡೆ ಕಡೆ ತಿರುಗಿ ನಿಂತೆ. ಇಷ್ಟು ವಿನಯವಾಗಿ ನಾನು ಯಾವತ್ತೂ ನಡೆದವನಲ್ಲ. ಮನೆ ತಲುಪಿ ವಾಚ್ ನೋಡಿದರೆ, ಜಿಮ್ ಬಿಟ್ಟಾಗಿನಿಂದ ಬಂದದ್ದು ನಲವತ್ತೊಂದು ಹೆಜ್ಜೆ. ಬ್ಯಾಗ್ ಹಿಡಿದದ್ದು ವಾಚ್ ಕಟ್ಟಿದ ಕೈಯಲ್ಲಿ.

ರಾತ್ರಿ ಹನ್ನೊಂದಕ್ಕೆ ಹಾಲ್‌ಗೆ ಬಂದೆ. ಅಮ್ಮ ಸೋಫಾ ಮೇಲೆ ಕೂತು ನನ್ನ ಪ್ಯಾಂಟ್ ಹೊಲಿಯುತ್ತಿದ್ದಳು. ತಲೆ ಎತ್ತದೆ ಕೇಳಿದಳು, "ಇವತ್ತೆಷ್ಟು ಬಾಕಿ?"

"ಎರಡು ಸಾವಿರದ ಎಂಟುನೂರು."

ದಾರ ಕಚ್ಚಿ ಕತ್ತರಿಸಿ, ಕಾಲೆರಡನ್ನೂ ಸೋಫಾ ಮೇಲೆ ಎತ್ತಿಕೊಂಡಳು.

"ಸುತ್ತು."