ಚೆರ್ರಿಗೊಂದು ಫಿಲ್ಟರ್

ಕೊಡಗಿನಲ್ಲಿ ಚೆರ್ರಿ ಅಂದರೆ ಒಣಗಿದ ಕಾಫಿ. 50 ಕೆಜಿ ಮೂಟೆಗೆ ಇಷ್ಟು ಅಂತ ರೇಟು. ಹಾಗಾಗಿ "ಮೈಸೂರಿಂದ ಹತ್ತು ಚೆರ್ರಿ ತಂದೆ" ಅಂದಾಗ ಪಕ್ಕದ ತೋಟದ ಅಣ್ಣ ನನ್ನನ್ನೇ ದಿಟ್ಟಿಸಿ ನೋಡಿದರು. ಇಲ್ಲಿಂದ ಘಟ್ಟ ಇಳಿದು ಹೋಗುವ ಸರಕನ್ನು ಅಲ್ಲಿಂದ ಇಲ್ಲಿಗೆ ಯಾರು ತರ್ತಾರೆ? ಕಡೆಗೆ ನೀರು ತುಂಬಿದ ಚೀಲ ಎತ್ತಿ ತೋರಿಸಿದೆ. ಚೆರ್ರಿ ಸೀಗಡಿ. ಕಿರುಬೆರಳಿನ ಒಂದು ಗೆಣ್ಣಿನಷ್ಟು ಉದ್ದ, ಬಣ್ಣ ಮಾತ್ರ ಥೇಟ್ ಹಣ್ಣಾದ ಕಾಫಿಯದೇ.

ಅವ್ವ ಕನ್ನಡಕ ಏರಿಸಿ ಎಣಿಸಿದಳು. "ಹತ್ತೇನಾ? ಒಬ್ಬರ ತಟ್ಟೆಗೂ ಸಾಲಲ್ಲ."

"ಸಾಕೋಕೆ ಅವ್ವ."

ಅವ್ವ ಮಾತಾಡದೆ ಒಳಗೆ ಹೋದಳು.

ಅಂಗಡಿಯವನು ತೊಟ್ಟಿಯ ಅಂಚಿಗೆ ನೇತುಹಾಕುವ ಫಿಲ್ಟರ್ ಒಂದನ್ನೂ ಕಟ್ಟಿಕೊಟ್ಟಿದ್ದ. ಕೊಳವೆ ನೀರು ಹೀರುತ್ತದೆ, ಡಬ್ಬಿಯಲ್ಲಿ ಕಸ ನಿಲ್ಲುತ್ತದೆ, ನೀರು ಮಿನಿ ಅಬ್ಬಿ ಫಾಲ್ಸ್ ಥರ ಮತ್ತೆ ತೊಟ್ಟಿಗೆ ಧುಮುಕುತ್ತದೆ. ನೋಡೋಕೆ ಬಲು ಚೆಂದ.

ಕೆಲವೇ ದಿನಗಳಲ್ಲಿ ಒಂದು ಹೆಣ್ಣಿನ ಹೊಟ್ಟೆಯಡಿ ಮೊಟ್ಟೆಗಳ ಗೊಂಚಲು ಕಾಣಿಸಿತು. ಇಪ್ಪತ್ತು, ಇಪ್ಪತ್ತೈದು ಇರಬಹುದು. ಹೊಟ್ಟೆಯ ಪುಟ್ಟ ಕಾಲುಗಳಿಂದ ಹಗಲಿಡೀ ಅವಕ್ಕೆ ಗಾಳಿ ಹಾಕುತ್ತಾ ಕೂತಿರುತ್ತಿತ್ತು. ತಿಂಗಳು ಕಳೆದ ಮೇಲೆ ಮರಿಗಳು. ಒಂದೊಂದೂ 2 ಮಿಲಿಮೀಟರ್, ಗಾಜಿನ ಚೂರಿನ ಹಾಗೆ, ಆದರೆ ಮೀಸೆ ಸಮೇತ ಪೂರಾ ಸೀಗಡಿ. ಮೊದಲ ದಿನ ಹನ್ನೊಂದು ಎಣಿಸಿದೆ. ಮೂರನೇ ದಿನ ನಾಲ್ಕು. ಎರಡು ವಾರಕ್ಕೆ ಒಂದೂ ಇಲ್ಲ.

"ತಾಯಿನೇ ತಿಂದಿರಬೇಕು" ಅಂದೆ.

"ತಾಯಿ ಯಾಕ್ರೀ ತಿಂತಾಳೆ? ಅಪ್ಪ ಇರಬೇಕು" ಅಂದಳು ಹೆಂಡತಿ. ಮಾತು ಬೇರೆ ಕಡೆ ತಿರುಗುವ ಮೊದಲೇ ಎದ್ದು ಫಿಲ್ಟರ್ ತೊಳೆಯಲು ಹೋದೆ.

ಆವತ್ತು ಡಬ್ಬಿಯ ನೀರನ್ನು ಬಿಳಿ ಬೇಸಿನ್‌ಗೆ ಸುರಿದದ್ದೇ ಪುಣ್ಯ. ಕೊಳೆಯ ನಡುವೆ ಏನೋ ಟಣ್ಣನೆ ಜಿಗಿಯಿತು. ಬಗ್ಗಿ ನೋಡಿದರೆ ಆರು ಮರಿ! ಕೊಳವೆ ಹೀರಿದ ನೀರಿನ ಜತೆ ಒಳಗೆ ಹೋಗಿ, ಅಲ್ಲಿ ನಿಂತ ಕಸವನ್ನೇ ತಿಂದು ದಷ್ಟಪುಷ್ಟವಾಗಿದ್ದವು. ಖುಷಿಯಾಯಿತು. ಆಮೇಲೆ ಹೊಟ್ಟೆ ಚುರುಕ್ಕೆಂದಿತು. ಹಿಂದಿನ ವಾರ ಇದೇ ಡಬ್ಬಿಯ ನೀರನ್ನು ಬಾಳೆ ಬುಡಕ್ಕೆ ಚೆಲ್ಲಿದ್ದೆ. ಹೆಂಡತಿಗೆ ಹೇಳಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತೆ, ಅಷ್ಟೆ.

ಕೊಳವೆಯ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿದೆ. ಮರಿಗಳು ಅದರ ಕಣ್ಣಿನಲ್ಲೂ ನುಸುಳಿದವು. ಅಡುಗೆಮನೆಯಲ್ಲಿ ಬೆಲ್ಲದ ಕಾಫಿ ಸೋಸುವ ಬಟ್ಟೆ ಸಿಕ್ಕಿತು, ಕಟ್ಟಿದೆ. ರಾತ್ರಿಯಾಗುವಷ್ಟರಲ್ಲಿ ಬಟ್ಟೆಗೆ ಕೊಳೆ ಮೆತ್ತಿ ಅಬ್ಬಿ ಫಾಲ್ಸ್ ಬತ್ತಿತು, ಮೋಟರ್ ನರಳತೊಡಗಿತು. ಬೆಳಗ್ಗೆ ಅವ್ವ ಬಟ್ಟೆ ಹುಡುಕಿದಳು. ಸಿಕ್ಕಿದ ಜಾಗ ನೋಡಿ ಆ ದಿನ ನನಗೆ ಕಾಫಿ ಕೊಡಲಿಲ್ಲ.

ಕಡೆಗೆ ಸ್ಪಂಜ್ ಫಿಲ್ಟರ್ ತಂದೆ. ನೋಡಿದರೆ ಪಾತ್ರೆ ತಿಕ್ಕುವ ಸ್ಪಂಜಿಗೆ ಕೊಳವೆ ಸಿಕ್ಕಿಸಿದಂತಿದೆ. ಏರ್ ಪಂಪಿನ ಗುಳ್ಳೆಗಳು ಕೊಳವೆಯಲ್ಲಿ ಮೇಲೇರುವಾಗ ನೀರನ್ನೂ ಎಳೆದೊಯ್ಯುತ್ತವೆ, ಆ ಜಾಗಕ್ಕೆ ನೀರು ಸ್ಪಂಜಿನ ಮೂಲಕ ನಿಧಾನ ಬರುತ್ತದೆ. ಮರಿಯನ್ನು ಎಳೆದುಕೊಳ್ಳುವಷ್ಟು ಜೋರಿಲ್ಲ. ಬದಲಿಗೆ ಮರಿಗಳೇ ಸ್ಪಂಜಿನ ಮೇಲೆ ಕೂತು ಮೇಯುತ್ತವೆ. ಸ್ಪಂಜಿನ ತೂತುಗಳಲ್ಲಿ ಬೆಳೆಯುವ ಬ್ಯಾಕ್ಟೀರಿಯಾ ಹಿಕ್ಕೆಯಿಂದ ಬರುವ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತದೆ. ಅದು ನೆಲೆಯಾಗಲಿ ಅಂತ ಒಂದು ತಿಂಗಳು ಹಳೆಯ ಫಿಲ್ಟರನ್ನೂ ಜತೆಗೇ ಓಡಿಸಿದೆ. ಸ್ಪಂಜನ್ನು ನಲ್ಲಿಯಡಿ ಹಿಡಿಯುವ ಹಾಗಿಲ್ಲ, ಕ್ಲೋರಿನ್‌ಗೆ ಆ ಬ್ಯಾಕ್ಟೀರಿಯಾ ಸಾಯುತ್ತದೆ. ತೊಟ್ಟಿಯದೇ ನೀರನ್ನು ಬಕೆಟ್‌ಗೆ ತೆಗೆದು ಅದರಲ್ಲಿ ಹಿಂಡಬೇಕು. ಈಗ ಅದು ನನ್ನ ಭಾನುವಾರದ ಕೆಲಸ.

ಎಲ್ಲ ಸರಿಹೋಯಿತು ಅನ್ನುವಾಗ ಕಕ್ಕಡ, ಅಂದರೆ ಕೊಡಗಿನ ಜಡಿಮಳೆಯ ತಿಂಗಳು, ಬಂತು. ನಾಪೋಕ್ಲು ಕಡೆ ಕಕ್ಕಡದ ಮಳೆಯಲ್ಲಿ ಕರೆಂಟ್ ಹೋದರೆ ಬಂದಾಗ ಬಂತು. ಒಂದು ಬೆಳಗ್ಗೆ ಎದ್ದರೆ ಹಾಲ್ ತುಂಬಾ ನೀರು. ಮಾಡು ಸೋರಿದೆ ಅಂತ ಅವ್ವ ಬಕೆಟ್ ತಂದಿಟ್ಟಳು, ನಾನು ಅಟ್ಟ ಹತ್ತಿ ಹೆಂಚು ಹೆಂಚು ಮುಟ್ಟಿ ನೋಡಿದೆ. ಎಲ್ಲ ಒಣ. ಇಳಿದು ನೋಡಿದರೆ ತೊಟ್ಟಿ ಅರ್ಧ ಖಾಲಿ. ಪಂಪನ್ನು ನೆಲದ ಮೇಲಿಟ್ಟಿದ್ದೆ. ಕರೆಂಟ್ ಹೋದ ಮೇಲೆ ನೀರು ಗಾಳಿ ಪೈಪಿನಲ್ಲೇ ಹಿಂದಕ್ಕೆ ಹರಿದು ಪಂಪಿನಿಂದ ಹೊರಗೆ ಬಂದಿತ್ತು. ಪಂಪ್ ಕೆಟ್ಟಿತು. ಹೊಸದು ತೊಟ್ಟಿಯ ನೀರಿಗಿಂತ ಎತ್ತರದ ಕಪಾಟಿನಲ್ಲಿದೆ, ಪೈಪಿಗೆ ನೀರು ಹಿಂದಕ್ಕೆ ಬರದಂತೆ ತಡೆಯುವ, ಬಟನ್‌ನಷ್ಟು ದೊಡ್ಡ ಚೆಕ್ ವಾಲ್ವ್ ಬೇರೆ.

ಮೆಣಸಿನ ಬಳ್ಳಿಗೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ಮದ್ದು ಹೊಡೆದ ದಿನ ಮಾತ್ರ ನನಗೆ ತೊಟ್ಟಿಯ ಹತ್ತಿರ ಪ್ರವೇಶವಿಲ್ಲ. ಮೈಲುತುತ್ತದ ತಾಮ್ರ ಚೂರು ಜಾಸ್ತಿಯಾದರೂ ಸೀಗಡಿ ಉಳಿಯಲ್ಲ ಅಲ್ವಾ. ಸೋಪು ಹಚ್ಚಿ ಮೂರು ಸಲ ಕೈ ತೊಳೆದು ಬಂದರೂ ಹೆಂಡತಿ ಉಗುರು ನೋಡುತ್ತಾಳೆ.

ಹಳೆಯ ಫಿಲ್ಟರಿನ ಡಬ್ಬಿಯಲ್ಲಿ ಅವ್ವ ಸೂಜಿಮೆಣಸಿನ ಸಸಿ ನೆಟ್ಟಿದ್ದಾಳೆ. ಕಾಫಿ ಬಟ್ಟೆಯ ಬದಲಿಗಂತೆ.