ಮೆಟ್ರೋ ಬಂತು, ಮನೆ ಖಾಲಿ ಮಾಡಿ

ನಮ್ಮ ಹಾಸನದಲ್ಲಿ ಟೀ ಅಂಗಡಿ ಮುಂದೆ ನಿಂತರೆ ಬೆಂಗಳೂರಿನ ಮೆಟ್ರೋ ಮಾತು ಬಂದೇ ಬರುತ್ತದೆ. ಬೀದಿಗೆ ನಾಲ್ಕು ಮನೆಯ ಮಕ್ಕಳು ತುಮಕೂರು ರಸ್ತೆ ಕಡೆ ಬಾಡಿಗೆಗೆ ಇದ್ದಾರಲ್ಲ. "ಮೆಟ್ರೋ ಬಂದ ಮೇಲೆ ಏರಿಯಾ ಉದ್ಧಾರ ಆಯ್ತು" ಅನ್ನುತ್ತಾರೆ. ಏರಿಯಾ ಆಯ್ತು ಸ್ವಾಮಿ, ಅಲ್ಲಿದ್ದವರು?

ನಮ್ಮ ಚಿಕ್ಕಪ್ಪನ ಮಗ ಪೀಣ್ಯದಲ್ಲಿ ಕೆಲಸ ಮಾಡಿಕೊಂಡು ದಾಸರಹಳ್ಳಿಯಲ್ಲಿ ಬಾಡಿಗೆಗಿದ್ದ. ನಾಗಸಂದ್ರದವರೆಗೆ ಮೆಟ್ರೋ ಓಡಿದ್ದು 2015ರ ಮೇ ತಿಂಗಳಲ್ಲಿ. ಓನರ್ ಬಾಡಿಗೆ ಏರಿಸಿದ್ದು ಅದಕ್ಕೂ ಮೊದಲು, ಕಂಬ ಎದ್ದಾಗಲೇ. ಅಷ್ಟು ವರ್ಷ ಧೂಳು ಕುಡಿದವನು ಇವನು. ರೈಲು ಓಡಿದ ಮೇಲೆ, 11 ತಿಂಗಳ ಅಗ್ರಿಮೆಂಟ್ ಮುಗಿಯುತ್ತಿದ್ದ ಹಾಗೆ, "ಮಗಳು ಬರ್ತಾಳೆ, ಖಾಲಿ ಮಾಡಿ" ಅಂದರು. ಮಗಳು ಬರಲಿಲ್ಲ, ಜಾಸ್ತಿ ಬಾಡಿಗೆಯವರು ಬಂದರು. ಇವನು ಮಾದಾವರದ ಕಡೆ ಹೋದ. 2024ರ ನವೆಂಬರ್‌ನಲ್ಲಿ ಮೆಟ್ರೋ ಅಲ್ಲಿಗೂ ಬಂತು! ಈಗ ನೆಲಮಂಗಲದಲ್ಲಿ ಮನೆ ಹುಡುಕುತ್ತಿದ್ದಾನೆ. ಹೀಗೇ ಆದರೆ ವಾಪಸ್ ಹಾಸನಕ್ಕೇ ಬರುತ್ತಾನೆ ಅಂತ ಚಿಕ್ಕಮ್ಮ ಮಾತ್ರ ಖುಷಿಯಲ್ಲಿದ್ದಾರೆ.

ಅಮೆರಿಕದ ಸೇಂಟ್ ಪಾಲ್‌ನಲ್ಲೂ ಇದೇ ಭಯ ಇತ್ತು. ಯೂನಿವರ್ಸಿಟಿ ಅವೆನ್ಯೂ ರಸ್ತೆಯಲ್ಲೇ ಓಡುವ ಲೈಟ್ ರೈಲು 2014ರಲ್ಲಿ ಶುರುವಾಯಿತು. ಅಲ್ಲಿನ ಕಪ್ಪು ಜನರಿಗೆ ಪೆಟ್ಟು ಹೊಸದಲ್ಲ, 1950-60ರ ದಶಕಗಳಲ್ಲಿ ಅವರ ರೊಂಡೊ ಬಡಾವಣೆಯ ನಡುವೆಯೇ ಹೆದ್ದಾರಿ ಹಾಯಿಸಿ ನೂರಾರು ಮನೆ ಕೆಡವಿದ್ದರು. ಈ ಸಲ ರೈಲಿನ ಪ್ಲಾನ್ ನೋಡಿದರೆ ಬಡವರು ಜಾಸ್ತಿ ಇರುವ ಕಡೆಯೇ ಸ್ಟೇಷನ್ ಕಮ್ಮಿ. ಧೂಳು ನಮಗೆ, ರೈಲು ಬೇರೆಯವರಿಗಾ ಅಂತ ಜನ ಪಟ್ಟು ಹಿಡಿದರು. ಹ್ಯಾಮ್‌ಲೈನ್, ವಿಕ್ಟೋರಿಯಾ, ವೆಸ್ಟರ್ನ್ ಅಂತ ಮೂರು ಸ್ಟೇಷನ್ ಹಾಕಿಸಿಕೊಂಡರು. ಕಾಮಗಾರಿಯಿಂದ ವ್ಯಾಪಾರ ಬಿದ್ದ ಸಣ್ಣ ಅಂಗಡಿಗಳಿಗೆ ಮನ್ನಾ ಆಗುವಂಥ ಸಾಲ ಸಿಕ್ಕಿತು. 2021ರಲ್ಲಿ ಊರಿನವರೇ ವೋಟು ಹಾಕಿ, ಬಾಡಿಗೆ ವರ್ಷಕ್ಕೆ ಶೇ. 3ಕ್ಕಿಂತ ಜಾಸ್ತಿ ಏರಬಾರದು ಅಂದರು. ಆಮೇಲೆ ಬಿಲ್ಡರ್‌ಗಳು ಹಿಂದೆ ಸರಿದರು, ಮರುವರ್ಷವೇ ಹೊಸ ಕಟ್ಟಡಗಳಿಗೆ ವಿನಾಯಿತಿ ಕೊಡಬೇಕಾಯಿತು. ಅದೂ ನಿಜ, ಮುಚ್ಚಿಡುವುದಿಲ್ಲ.

ನಮ್ಮಲ್ಲಿ? 1999ರ ಬಾಡಿಗೆ ಕಾಯ್ದೆ ಇದೆ. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗೆ ಅದು ಅನ್ವಯಿಸುವುದೇ ಇಲ್ಲ. ಈಗ 3,500ಕ್ಕೆ ಏನು ಸಿಗುತ್ತದೆ, ಬೈಕ್ ನಿಲ್ಲಿಸೋ ಜಾಗವಾ?

ರೈಲು ಬೇಡ ಅಂತ ಯಾರೂ ಹೇಳುತ್ತಿಲ್ಲ. ಸ್ಟೇಷನ್ ಪಕ್ಕ ಸೈಟ್ ಇದ್ದವರಿಗೆ ಸುಮ್ನೆ ಕೂತಲ್ಲೇ ಬೆಲೆ ಏರುತ್ತದೆ, ಅಲ್ವಾ? ಆ ದುಡ್ಡಿನಲ್ಲಿ ಒಂದು ಪಾಲು ತೆಗೆದು ಅಲ್ಲೇ ಕಡಿಮೆ ಬಾಡಿಗೆಯ ಮನೆ ಕಟ್ಟಿಸಲಿ. ಜಾಗವನ್ನಂತೂ ಕಂಬ ನೆಡುವ ಮೊದಲೇ ಹಿಡಿದಿಟ್ಟುಕೊಳ್ಳಬೇಕು. ಸ್ಟೇಷನ್ ಎದ್ದ ಮೇಲೆ ಅಲ್ಲಿ ಸೈಟ್ ಕೊಳ್ಳೋದು ಸರ್ಕಾರಕ್ಕೂ ಕಷ್ಟ.